ಸಂಸಾರ ಸಮೇತ ಮೂರು ದಿನ ಬೆಂಗಳೂರು

ರಾಮನಗರದ ರೈಲು ನಿಲ್ದಾಣದಲ್ಲಿ ಬೆಳಗಿನ ಏಳು ಗಂಟೆಯ ಹೊತ್ತಿಗೆ ನಿಂತು ನೋಡಿ. ಊರಿಗೆ ಊರೇ ಬೆಂಗಳೂರಿಗೆ ಹೊರಟಂತೆ ಕಾಣುತ್ತದೆ. ಬುತ್ತಿಯ ಚೀಲ ಹಿಡಿದ ನೌಕರರು, ಕಾಲೇಜಿನ ಹುಡುಗ ಹುಡುಗಿಯರು, ಆಸ್ಪತ್ರೆಗೆ ಹೊರಟವರು, ಕೋರ್ಟಿನ ಕಾಗದ ಕಂಕುಳಲ್ಲಿಟ್ಟವರು, ಎಲ್ಲರಿಗೂ ಬೆಂಗಳೂರೇ ಬೇಕು. ಚನ್ನಪಟ್ಟಣದಲ್ಲಿಯೂ ಇದೇ ನೋಟ. ಕನಕಪುರ, ಮಾಗಡಿಗಳಿಗೆ ರೈಲಿಲ್ಲ. ಅಲ್ಲಿ ಈ ಸಂದಣಿಯೆಲ್ಲ ಬಸ್ ನಿಲ್ದಾಣದಲ್ಲಿ. ಆದರೆ ಇಷ್ಟು ಜನ ದಿನವೂ ಹೋಗಿಬರುವ ಆ ಊರನ್ನು ಇವರ ಮನೆಯವರು ನೋಡಿದ್ದಾರೆಯೇ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಹೋಗಿದ್ದಾರೆ, ಬಂದಿದ್ದಾರೆ, ನೋಡಿದ್ದು ಕಡಿಮೆ.

ನಮ್ಮ ತಾಯಿಯವರ ಮಾತನ್ನೇ ಹೇಳುತ್ತೇನೆ. ಅವರಿಗೆ ಎಪ್ಪತ್ತು ದಾಟಿದೆ. ಹುಟ್ಟಿದ್ದು ರಾಮನಗರದ ಪಕ್ಕದ ಹಳ್ಳಿಯಲ್ಲಿ, ಬಾಳಿದ್ದು ಚನ್ನಪಟ್ಟಣದಲ್ಲಿ. ಬೆಂಗಳೂರಿಗೆ ಇಪ್ಪತ್ತು ಸಲವಾದರೂ ಹೋಗಿರಬೇಕು: ಕಣ್ಣಿನ ಚಿಕಿತ್ಸೆಗೆ, ಮದುವೆ ಛತ್ರಗಳಿಗೆ, ತೀರಿಹೋದವರ ಮನೆಗಳಿಗೆ. ಒಂದು ಸಂಜೆ ರೇಡಿಯೋದಲ್ಲಿ ವಾರ್ತೆ ಕೇಳುತ್ತ ಕುಳಿತಿದ್ದಾಗ ವಿಧಾನಸೌಧದ ಹೆಸರು ಬಂತು. "ನಮ್ಮ ಕಡೆಯ ಹನುಮಂತಯ್ಯನೋರು ಕಟ್ಟಿಸಿದ ಸೌಧ ಅದು. ಊರೋರೆಲ್ಲ ನೋಡ್ಕೊಂಡು ಬಂದ್ರು. ನಾನು ಮಾತ್ರ ಆಸ್ಪತ್ರೆ ಗೋಡೆ ನೋಡ್ಕೊಂಡು ಬಂದೆ ಕಣಪ್ಪ" ಎಂದರು. ಗದರಿಕೆಯ ದನಿ ಅದರಲ್ಲಿ ಇರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನಾಟಿತು.

ಮರುವಾರವೇ ಒಂದು ಬಾಡಿಗೆ ಕಾರು ಗೊತ್ತುಮಾಡಿದೆ. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿಯೊಳಗೆ ಹಿಂದಿರುಗುವ ಏರ್ಪಾಡು. ಏಳು ಸ್ಥಳಗಳ ಪಟ್ಟಿ ನನ್ನ ಜೇಬಿನಲ್ಲಿತ್ತು. ಅಂದು ನಾವು ನೋಡಿದ್ದೆಲ್ಲ ಮುಂದಿನ ವಾಹನದ ಹಿಂಭಾಗ. ಮೂರು ಸ್ಥಳಗಳನ್ನು ಕಾರಿನೊಳಗಿನಿಂದಲೇ ಬೆರಳು ಮಾಡಿ ತೋರಿಸಿದ್ದಾಯಿತು. ಕಾರು ನಿಲ್ಲಿಸಲು ಜಾಗ ಹುಡುಕುತ್ತಲೇ ಸಂಜೆಯಾಯಿತು. ಚಿಕ್ಕವನು ವಾಂತಿ ಮಾಡಿಕೊಂಡ. ಮನೆಗೆ ಬಂದಾಗ ರಾತ್ರಿ ಹನ್ನೊಂದು. ಕಾರಿನವನ ಲೆಕ್ಕ ಮಾತ್ರ ಸರಿಯಾಗಿತ್ತು.

ಆ ಮೇಲೆ ಇನ್ನೊಂದು ಸಲ ಹೋದೆವು. ಈ ಸಲ ಕಾರಿಲ್ಲ, ಪಟ್ಟಿಯಿಲ್ಲ. ರೈಲು, ಬಸ್ಸು, ಮೆಟ್ರೋ. ಮೂರು ದಿನ, ಎರಡು ರಾತ್ರಿ. ಆ ಪ್ರವಾಸವನ್ನು ಹೇಗೆ ಗೊತ್ತುಮಾಡಿಕೊಂಡೆವು, ಎಲ್ಲಿ ಎಡವಿದೆವು ಎಂಬುದನ್ನು ನಮ್ಮ ನಾಲ್ಕು ಊರುಗಳ ಸಂಸಾರಸ್ಥರಿಗೆ ತಿಳಿಸುವುದು ಈ ಲೇಖನದ ಕೆಲಸ.

ಮೊದಲನೆಯ ಮಾತು, ರಾತ್ರಿ ಉಳಿಯಬೇಕು. ಇದನ್ನು ಕೇಳಿದ ಕೂಡಲೇ ನಮ್ಮವರು ನಗುತ್ತಾರೆ. ಒಂದು ಗಂಟೆಯ ದಾರಿಗೆ ಲಾಡ್ಜಿನ ದುಡ್ಡು ಯಾಕೆ, ರಾತ್ರಿ ಮನೆಗೆ ಬಂದು ಮಲಗಬಾರದೆ? ಬರಬಹುದು. ಆದರೆ ಹಾಗೆ ಮಾಡಿದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವವರ ನೂಕುನುಗ್ಗಲಿನಲ್ಲಿ ಹೋಗಿ, ಸಂಜೆ ಅದೇ ನೂಕುನುಗ್ಗಲಿನಲ್ಲಿ ಬರಬೇಕಾಗುತ್ತದೆ. ಮಧ್ಯಾಹ್ನ ನಾಲ್ಕಾದರೆ ಸಾಕು, ಮನೆಯ ಹೆಂಗಸರ ಮನಸ್ಸು ಕೊನೆಯ ಬಸ್ಸಿನ ಕಡೆಗೆ ತಿರುಗಿರುತ್ತದೆ. ಅದಲ್ಲದೆ, ಬಂದ ಮೇಲೆ ಅಡಿಗೆ ಯಾರು ಮಾಡಬೇಕು? ಮನೆಯಾಕೆ ಬೆಳಗಿನ ಜಾವ ನಾಲ್ಕಕ್ಕೆದ್ದು ಚಿತ್ರಾನ್ನ ಕಲಸಿ, ರಾತ್ರಿ ಹತ್ತಕ್ಕೆ ಬಂದು ಸಾರಿಗೆ ಒಗ್ಗರಣೆ ಹಾಕುವುದಾದರೆ ಅದು ಗಂಡಸರಿಗೂ ಮಕ್ಕಳಿಗೂ ಪ್ರವಾಸವೇ ಹೊರತು ಆಕೆಗಲ್ಲ. ಎರಡು ರಾತ್ರಿಯ ಬಾಡಿಗೆಯನ್ನು ನಾನು ಈ ಲೆಕ್ಕಕ್ಕೆ ಬರೆಯುತ್ತೇನೆ.

ಎರಡನೆಯ ಮಾತು, ಎಲ್ಲಿ ಇಳಿದುಕೊಳ್ಳಬೇಕು ಎಂಬುದು. ಸ್ಥಳಗಳನ್ನು ಆಮೇಲೆ ಆರಿಸಿಕೊಳ್ಳಿ, ಮೊದಲು ಬಿಡಾರವನ್ನು ಗೊತ್ತುಮಾಡಿ. ನಮ್ಮಂಥವರಿಗೆ ಮೆಜೆಸ್ಟಿಕ್ಕಿನ ಸುತ್ತಮುತ್ತಲೇ ಸರಿ. ಕೆಂಪೇಗೌಡ ಬಸ್ ನಿಲ್ದಾಣ, ಸಂಗೊಳ್ಳಿ ರಾಯಣ್ಣನ ಹೆಸರಿನ ಮುಖ್ಯ ರೈಲು ನಿಲ್ದಾಣ, ಮೆಟ್ರೋದ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವ ನಿಲ್ದಾಣ, ಈ ಮೂರೂ ಅಲ್ಲಿ ಅಕ್ಕಪಕ್ಕದಲ್ಲಿವೆ. ಗಲಾಟೆ ಇದೆ, ನಿಜ. ಆದರೆ ಮಧ್ಯಾಹ್ನ ಮಗುವಿಗೆ ನಿದ್ದೆ ಬಂದರೆ ಹತ್ತೇ ನಿಮಿಷದಲ್ಲಿ ಕೋಣೆ ಸೇರಬಹುದು ಎಂಬ ಧೈರ್ಯಕ್ಕೆ ಆ ಗಲಾಟೆಯನ್ನು ಸಹಿಸಬಹುದು. ಗಲಾಟೆಯೇ ಬೇಡವೆನ್ನುವವರು ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿ ಹುಡುಕಲಿ.

ಲಾಡ್ಜಿನವರನ್ನು ಕೇಳಬೇಕಾದ ಪ್ರಶ್ನೆಗಳನ್ನು ನಾನು ಅನುಭವದಿಂದ ಕಲಿತೆ. ಬಾಡಿಗೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಲಿಫ್ಟು ಇದೆಯೇ ಎಂದೂ ನಾನು ಕೇಳಿದ್ದೆ. ಇದೆ ಎಂದರು. ಹೋಗಿ ನೋಡಿದರೆ ಲಿಫ್ಟೇನೋ ಇತ್ತು. ಬಾಗಿಲಿಗೆ ಹಗ್ಗ ಕಟ್ಟಿತ್ತು. ನಮ್ಮ ಕೋಣೆ ಮೂರನೆಯ ಮಹಡಿ. ತಾಯಿಯವರು ಪ್ರತಿ ಮಹಡಿಯಲ್ಲಿ ಕುಳಿತು ಸುಧಾರಿಸಿಕೊಂಡು ಹತ್ತಿದರು. ಮರುದಿನ ಜಗಳವಾಡಿ ನೆಲ ಅಂತಸ್ತಿನ ಕೋಣೆ ಪಡೆದೆವು. ಆದ್ದರಿಂದ ಲಿಫ್ಟು ಇದೆಯೇ ಎಂದು ಕೇಳಬೇಡಿ, ಇವತ್ತು ನಡೆಯುತ್ತಿದೆಯೇ ಎಂದು ಕೇಳಿ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಕೋಣೆ ಬಿಡುವ ಹೊತ್ತು ಮಧ್ಯಾಹ್ನ ಹನ್ನೆರಡೋ ಇಪ್ಪತ್ತನಾಲ್ಕು ಗಂಟೆಯ ಲೆಕ್ಕವೋ, ಎಂಬುದನ್ನೂ ಕೇಳಿ ತಿಳಿಯಿರಿ. ದೊಡ್ಡವರೆಲ್ಲರ ಗುರುತಿನ ಚೀಟಿಗಳು ಕೈಯಲ್ಲಿರಲಿ. ಅವು ಬಸ್ಸಿನಲ್ಲಿಯೂ ಬೇಕಾಗುತ್ತವೆ.

ಇನ್ನು ಹೋಗುವ ದಾರಿ. ನಮ್ಮ ಜಿಲ್ಲೆ ೨೦೦೭ರಲ್ಲಿ ರಾಮನಗರವೆಂಬ ಹೆಸರಿನಲ್ಲಿ ಹುಟ್ಟಿ, ೨೦೨೫ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆಯಿತು. ಹೆಸರು ಬೆಂಗಳೂರಾಯಿತೆಂದು ದಾರಿಯೇನೂ ಸವೆದಿಲ್ಲ. ನಾಲ್ಕು ಊರುಗಳೂ ಬೆಂಗಳೂರಿನಿಂದ ಸರಿಸುಮಾರು ಐವತ್ತು ಅರವತ್ತು ಕಿಲೋಮೀಟರಿನೊಳಗಿದ್ದರೂ, ನಾಲ್ಕರ ದಾರಿಗಳು ಬೇರೆ ಬೇರೆ.

ರಾಮನಗರ, ಚನ್ನಪಟ್ಟಣದವರಿಗೆ ರೈಲೇ ಲೇಸು. ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸ ೧೮೭೬–೭೮ರ ಮಹಾಕ್ಷಾಮದ ದಿನಗಳಲ್ಲಿ ಬರಪರಿಹಾರವಾಗಿ ತೊಡಗಿದ್ದು. ಹೊಟ್ಟೆಗಿಲ್ಲದ ಜನ ಮಣ್ಣು ಹೊತ್ತು ಹಾಕಿದ ಏರಿಯ ಮೇಲೆ ನಾವು ಇಂದು ಕಡಲೆಕಾಯಿ ತಿನ್ನುತ್ತ ಹೋಗುತ್ತೇವೆ. ಈಗ ಅದು ಜೋಡಿ ದಾರಿ, ವಿದ್ಯುತ್ ರೈಲು. ಸುಮಾರು ಒಂದು ಗಂಟೆಯ ಪ್ರಯಾಣ. ರಜೆಗೆ ಹೋಗುವವರು ನೌಕರರ ರೈಲಿಗೆ ಹೋಗಬಾರದು. ಒಂಬತ್ತರ ಮೇಲೆ ಬರುವ ಗಾಡಿಯನ್ನು ನೋಡಿಕೊಳ್ಳಿ. ಮಕ್ಕಳಿಗೆ ಕಿಟಕಿ ಸಿಕ್ಕುತ್ತದೆ, ಮುದುಕರಿಗೆ ಕಾಲು ಚಾಚಲು ಜಾಗ ಸಿಕ್ಕುತ್ತದೆ. ಬೇಕಾದಾಗ ಶೌಚಕ್ಕೆ ಹೋಗಬಹುದು ಎಂಬ ಒಂದೇ ಕಾರಣಕ್ಕೆ ನಮ್ಮ ತಾಯಿಯವರು ಬಸ್ಸಿಗಿಂತ ರೈಲನ್ನು ಮೆಚ್ಚುತ್ತಾರೆ. ವಯಸ್ಸಾದವರೊಡನೆ ಪ್ರಯಾಣ ಮಾಡಿದವರಿಗೆ ಇದು ಸಣ್ಣ ವಿಷಯವಲ್ಲವೆಂದು ಗೊತ್ತು. ಬಾಯಾರಿಕೆಯಾದರೂ ನೀರು ಕುಡಿಯದೆ ಕುಳಿತಿರುವ ಹೆಂಗಸರು ನಮ್ಮ ಬಸ್ಸುಗಳಲ್ಲಿ ಎಷ್ಟು ಜನರಿಲ್ಲ!

ಇದೇ ಊರುಗಳವರು ಬಸ್ಸಿನಲ್ಲಿಯೇ ಹೋಗುವುದಾದರೆ ಒಂದು ಎಚ್ಚರಿಕೆ ಬೇಕು. ೨೦೨೩ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಹೊರಗಿನಿಂದಲೇ ಸುತ್ತಿಕೊಂಡು ಹೋಗುತ್ತದೆ. ಮೈಸೂರಿನಿಂದ ನೇರವಾಗಿ ಬರುವ ಬಸ್ಸುಗಳು ನಮ್ಮ ಊರೊಳಕ್ಕೆ ತಲೆಹಾಕುವುದಿಲ್ಲ. ಹತ್ತುವಾಗಲೂ ಹಿಂದಿರುಗುವಾಗಲೂ "ಊರೊಳಗೆ ಹೋಗುತ್ತದೆಯೇ?" ಎಂದು ಕಂಡಕ್ಟರನ್ನು ಕೇಳಿಯೇ ಹತ್ತಬೇಕು. ಕೆಂಗೇರಿಗೆ ಬಂದ ಮೇಲೆ ವಾಹನಗಳ ಸಾಲು ಕಂಡರೆ ಇಳಿದು ಮೆಟ್ರೋ ಹಿಡಿಯುವುದು ಜಾಣತನ. ನೇರಳೆ ಮಾರ್ಗ ೨೦೨೧ರಲ್ಲಿ ಕೆಂಗೇರಿಗೂ, ೨೦೨೩ರ ಅಕ್ಟೋಬರಿನಲ್ಲಿ ಅದಕ್ಕಿಂತ ಈಚೆಗಿರುವ ಚಲ್ಲಘಟ್ಟಕ್ಕೂ ಬಂದಿದೆ.

ಕನಕಪುರದವರಿಗೆ ರೈಲಿನ ಆಸೆ ತೋರಿಸುತ್ತ ಬಂದು ದಶಕಗಳೇ ಆದವು. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಎಂದು ಹೇಳುವ ಆ ದಾರಿ ನಕ್ಷೆಯ ಮೇಲೆ ಮಾತ್ರ ಓಡುತ್ತದೆ. ಆದರೆ ಮೆಟ್ರೋ ಅವರಿಗೆ ಎದುರು ಬಂದಿದೆ. ಹಸಿರು ಮಾರ್ಗ ೨೦೨೧ರ ಸಂಕ್ರಾಂತಿಯ ದಿನ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ತೆರೆಯಿತು. ಹಾರೋಹಳ್ಳಿ ದಾಟಿ ಬಂದ ಬಸ್ಸಿನಿಂದ ಅಲ್ಲಿ ಇಳಿದರೆ ಬನಶಂಕರಿಯ ಕಡೆಯ ವಾಹನಗಳ ತೊಡಕಿಲ್ಲದೆ, ಒಂದೇ ಗಾಡಿಯಲ್ಲಿ ಲಾಲ್‌ಬಾಗ್, ಮಾರುಕಟ್ಟೆ, ಮೆಜೆಸ್ಟಿಕ್ ಮೂರನ್ನೂ ಮುಟ್ಟಬಹುದು. ರೇಷ್ಮೆಗೂಡು ಬೆಳೆಯುವ ಸೀಮೆಯವರಿಗೆ ನಗರದ ಬಾಗಿಲು ರೇಷ್ಮೆಯ ಹೆಸರಿನದೇ ಆಗಿರುವುದು ಒಂದು ಚೆಲುವು.

ಮಾಗಡಿಯವರಿಗೆ ತಾವರೆಕೆರೆಯ ಮೇಲಿನ ಬಸ್ಸು. ಮಾಗಡಿ ರಸ್ತೆ ಎಂಬ ಹೆಸರಿನ ಮೆಟ್ರೋ ನಿಲ್ದಾಣವೊಂದು ಇದೆ. ಆದರೆ ಅಲ್ಲಿಂದ ಮೆಜೆಸ್ಟಿಕ್ ಎರಡೇ ನಿಲ್ದಾಣ. ಸಾಮಾನು ಮಕ್ಕಳನ್ನು ಇಳಿಸಿ ಹತ್ತಿಸುವ ಗೋಜು ಬೇಡ, ಬಸ್ಸಿನಲ್ಲಿಯೇ ಕೊನೆಯವರೆಗೆ ಕುಳಿತುಬಿಡಿ. ೧೫೩೭ರಲ್ಲಿ ಬೆಂಗಳೂರಿನ ಕೋಟೆ ಪೇಟೆಗಳನ್ನು ಕಟ್ಟಿಸಿದ ಕೆಂಪೇಗೌಡರ ವಂಶದವರು ೧೬೩೮ರಲ್ಲಿ ಬಿಜಾಪುರದ ಸೈನ್ಯಕ್ಕೆ ಆ ಊರನ್ನು ಬಿಟ್ಟು ಮಾಗಡಿಗೆ ಬಂದು ನೆಲೆಸಿದರು. ಮಾಗಡಿಯವರು ಮೆಜೆಸ್ಟಿಕ್ಕಿನಲ್ಲಿ ಇಳಿದು ಬಸ್ ನಿಲ್ದಾಣದ ಮೇಲೂ ಮೆಟ್ರೋ ನಿಲ್ದಾಣದ ಮೇಲೂ ಅವರ ಹೆಸರನ್ನು ಓದುವಾಗ, ನೆಂಟರ ಮನೆಗೆ ಬಂದವರಂತೆ ಸ್ವಲ್ಪ ಎದೆಯುಬ್ಬಿಸಿ ನಿಂತರೆ ತಪ್ಪೇನೂ ಇಲ್ಲ.

ಖರ್ಚಿನ ಲೆಕ್ಕಕ್ಕೆ ಬರೋಣ. ನಮ್ಮ ಸಂಸಾರ ಐದು ಜನ: ನಾನು, ಮನೆಯಾಕೆ, ತಾಯಿಯವರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಈ ಐದು ಜನರನ್ನು ಬಸ್ಸು ಒಂದು ರೀತಿ ಎಣಿಸುತ್ತದೆ, ರೈಲು ಇನ್ನೊಂದು ರೀತಿ, ಮೆಟ್ರೋ ಮತ್ತೊಂದು ರೀತಿ.

ಸರ್ಕಾರಿ ಬಸ್ಸಿನಲ್ಲಿ, ೨೦೨೩ರ ಜೂನ್ ೧೧ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಪ್ರಕಾರ, ಹೆಂಗಸರಿಗೂ ಹೆಣ್ಣುಮಕ್ಕಳಿಗೂ ಟಿಕೆಟ್ಟಿಗೆ ಹಣವಿಲ್ಲ. ಆರು ವರ್ಷದೊಳಗಿನ ಮಗುವಿಗೂ ಇಲ್ಲ. ಹಾಗಾಗಿ ಐದು ಜನಕ್ಕೆ ಒಂದೇ ಟಿಕೆಟ್, ಅದೂ ನನ್ನದು. ಮನೆಯಲ್ಲಿ ಅರುವತ್ತು ತುಂಬಿದ ಗಂಡಸರಿದ್ದರೆ ಅವರಿಗೆ ಕಾಲು ಭಾಗ ರಿಯಾಯಿತಿ ಉಂಟು. ಆದರೆ ಶಕ್ತಿ ಎಲ್ಲ ಬಸ್ಸಿಗೂ ಅಲ್ಲ. ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಐರಾವತ ಮತ್ತು ಹವಾನಿಯಂತ್ರಿತ ಬಸ್ಸುಗಳಿಗೆ ಪೂರ್ತಿ ದುಡ್ಡು ಕೊಡಬೇಕು. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಹೊಸೂರಿನಿಂದಲೋ ಕುಪ್ಪಂನಿಂದಲೋ ಮದುವೆಯಾಗಿ ಬಂದ ಸೊಸೆಯ ಚೀಟಿಯಲ್ಲಿ ಇನ್ನೂ ತವರಿನ ವಿಳಾಸವೇ ಇದ್ದರೆ ಈ ಸೌಲಭ್ಯ ಸಿಕ್ಕದು; ಹೊರಡುವ ದಿನ ಬಸ್ಸಿನೊಳಗೆ ಇದು ಗೊತ್ತಾಗುವುದಕ್ಕಿಂತ ಮೊದಲೇ ನೋಡಿಕೊಳ್ಳುವುದು ಮೇಲು. ಹಣವಿಲ್ಲದಿದ್ದರೂ ಚೀಟಿ ಉಂಟು. ಕಂಡಕ್ಟರು ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಇಳಿಯುವವರೆಗೆ ಜೋಪಾನವಾಗಿಡಬೇಕು. ನಮ್ಮ ತಾಯಿಯವರು ಅದನ್ನು ಎಲೆಅಡಿಕೆ ಚೀಲದಲ್ಲಿ ಮಡಿಸಿಟ್ಟು, ನನ್ನ ಟಿಕೆಟ್ಟನ್ನೂ ನನ್ನಿಂದ ತೆಗೆದುಕೊಂಡು ಅಲ್ಲಿಯೇ ಇಟ್ಟರು.

ರೈಲಿನಲ್ಲಿ ಶಕ್ತಿ ಇಲ್ಲ. ಐದು ವರ್ಷದೊಳಗಿನ ಮಗನಿಗೆ ಟಿಕೆಟ್ ಬೇಡ, ಹನ್ನೆರಡು ತುಂಬದ ಮಗಳಿಗೆ ಕಾದಿರಿಸದ ಬೋಗಿಯಲ್ಲಿ ಅರ್ಧ. ಒಟ್ಟು ಮೂರೂವರೆ ಟಿಕೆಟ್. ವೃದ್ಧರಿಗೆ ಇದ್ದ ರಿಯಾಯಿತಿಯನ್ನು ರೈಲ್ವೆಯವರು ೨೦೨೦ರ ಮಾರ್ಚಿಯಲ್ಲಿ ನಿಲ್ಲಿಸಿದರು. ಆದರೂ ಸಾಮಾನ್ಯ ಬೋಗಿಯ ದರ ಅಗ್ಗವಾದ್ದರಿಂದ ಕೈ ಕಚ್ಚುವುದಿಲ್ಲ. ಮೆಟ್ರೋದಲ್ಲಿ ವಯಸ್ಸಿನ ಮಾತೇ ಇಲ್ಲ, ಅಲ್ಲಿ ಅಳತೆ. ಮೂರು ಅಡಿಗಿಂತ ಗಿಡ್ಡವಾದ ಮಗುವಿಗೆ ಟಿಕೆಟ್ ಬೇಡ. ನಮ್ಮ ಹುಡುಗ ನಾಲ್ಕೇ ವರ್ಷದವನಾದರೂ ಮೂರಡಿ ದಾಟಿದ್ದಾನೆ. ಬಸ್ಸಿನಲ್ಲಿ ರೈಲಿನಲ್ಲಿ ಪುಕ್ಕಟೆ ಬಂದವನು ಮೆಟ್ರೋದಲ್ಲಿ ಪೂರ್ತಿ ಪ್ರಯಾಣಿಕನಾದ, ಮತ್ತು ಅದರಿಂದ ಬಹಳ ಸಂತೋಷಪಟ್ಟ. ೨೦೨೫ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿ, ಕನಿಷ್ಠ ೧೦ ರೂಪಾಯಿ, ಗರಿಷ್ಠ ೯೦ ರೂಪಾಯಿ ಎಂದಾಯಿತು. ಐದು ಜನಕ್ಕೆ ಐದು ಟಿಕೆಟ್ ಎಂದು ಗುಣಿಸಿದರೆ ದಿನಕ್ಕೆ ನಾಲ್ಕು ಸಲ ಹತ್ತಿಳಿಯುವುದು ಸಣ್ಣ ಮೊತ್ತವಲ್ಲ. ನಗರದ ಸಾಮಾನ್ಯ ಬಸ್ಸಿನಲ್ಲಿಯಾದರೋ ಶಕ್ತಿ ನಡೆಯುತ್ತದೆ. ಅದೇ ಐದು ಜನಕ್ಕೆ ಒಂದೇ ಟಿಕೆಟ್.

ಹಾಗಾದರೆ ಮೆಟ್ರೋ ಬಿಟ್ಟು ಬಸ್ಸನ್ನೇ ಹಿಡಿಯಬೇಕೇ? ನನ್ನ ಅಭಿಪ್ರಾಯ ಹಾಗಲ್ಲ. ಬೆಳಿಗ್ಗೆ ಹೋಗುವಾಗ, ಹೊತ್ತಿಗೆ ಬೆಲೆ ಇದ್ದಾಗ, ಮೆಟ್ರೋ. ಅದರ ನಿಲ್ದಾಣಗಳಲ್ಲಿ ಲಿಫ್ಟಿದೆ. ತಾಯಿಯವರ ಮೊಣಕಾಲಿಗೆ ಅದು ಔಷಧಿಯಂತೆ. ಮಧ್ಯಾಹ್ನ ಬಸ್ಸುಗಳು ಖಾಲಿಯಿರುವಾಗ, ಊರು ನೋಡುತ್ತ ನಿಧಾನವಾಗಿ ಬರಬಹುದಾದಾಗ, ಬಸ್ಸು. ಸಂಜೆ ಐದರಿಂದ ಎಂಟರವರೆಗೆ ಯಾವುದೂ ಬೇಡ. ಆ ಹೊತ್ತಿಗೆ ಕಾಲ್ನಡಿಗೆಯಲ್ಲಿ ಬಿಡಾರ ಸೇರುವಷ್ಟು ಹತ್ತಿರದಲ್ಲಿರಿ, ಇಲ್ಲವೇ ಒಂದು ಉದ್ಯಾನದಲ್ಲಿ ಕುಳಿತು ಸಂದಣಿ ಕರಗುವವರೆಗೆ ಕಾಯಿರಿ.

ದಿನಗಳನ್ನು ಹಂಚಿಕೊಳ್ಳುವುದರಲ್ಲಿಯೇ ಹೆಚ್ಚಿನವರು ಎಡವುವುದು. ನನ್ನ ಮೊದಲ ಪಟ್ಟಿ ಏಳು ಸ್ಥಳಗಳದ್ದು ಎಂದೆನಷ್ಟೆ. ಎರಡನೆಯ ಸಲ ಒಂದು ದಿನಕ್ಕೆ ನಗರದ ಒಂದೇ ಭಾಗ, ಬೆಳಿಗ್ಗೆ ಒಂದು, ಸಂಜೆ ಒಂದು ಎಂದಿಟ್ಟುಕೊಂಡೆವು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ವಿಶ್ರಾಂತಿ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯ ಪ್ರಕಾರ ಹೊತ್ತನ್ನು ಅಳೆಯಬೇಕು. ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ ಎಂದು ಯಾರಾದರೂ ಹೇಳಿದರೆ ನಮ್ಮ ಮನೆಯಲ್ಲಿ ಅದನ್ನು ಇಪ್ಪತ್ತೈದು ಎಂದು ಬರೆದುಕೊಳ್ಳುತ್ತೇವೆ.

ಮೊದಲನೆಯ ದಿನ ಹನ್ನೊಂದಕ್ಕೆ ಇಳಿದು, ಕೋಣೆ ಸೇರಿ, ಊಟ ಮಾಡಿ, ಮಲಗಿ ಎದ್ದು, ಮೂರೂವರೆಗೆ ಹೊರಟೆವು. ಮೆಜೆಸ್ಟಿಕ್ಕಿನಿಂದ ನೇರಳೆ ಮಾರ್ಗದಲ್ಲಿ ಎರಡನೆಯ ನಿಲ್ದಾಣವೇ ವಿಧಾನಸೌಧ, ಡಾ. ಅಂಬೇಡ್ಕರ್ ಅವರ ಹೆಸರಿನ ನಿಲ್ದಾಣ. ನೆಲದಡಿಯಿಂದ ಮೇಲೆ ಬಂದರೆ ಎದುರಿಗೆ ಆ ಕಲ್ಲಿನ ಕಟ್ಟಡ. ೧೯೫೧ರ ಜುಲೈನಲ್ಲಿ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ರಾಮನಗರ ತಾಲ್ಲೂಕಿನ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಗಳಾದ ಮೇಲೆ ನಕ್ಷೆಯನ್ನು ಬದಲಿಸಿ, ದೊಡ್ಡದು ಮಾಡಿ, ೧೯೫೬ರ ಹೊತ್ತಿಗೆ ಮುಗಿಸಿದರು. ಇಷ್ಟು ಖರ್ಚು ಬೇಕಿತ್ತೇ ಎಂದು ಆಗ ಬಹಳ ಮಾತುಬಂತು. ನಮ್ಮ ತಾಯಿಯವರು ರಸ್ತೆಯ ಈಚೆಯಿಂದಲೇ ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನಿಂತು ನೋಡಿದರು. "ಕಲ್ಲೆಲ್ಲ ಎಲ್ಲಿಂದ ತಂದರೋ" ಎಂದಷ್ಟೇ ಕೇಳಿದರು. ಒಳಗೆ ನೋಡುವುದಕ್ಕೆ ೨೦೨೫ರಲ್ಲಿ ಮಾರ್ಗದರ್ಶಕರೊಡನೆ ತಂಡತಂಡವಾಗಿ ಹೋಗುವ ವ್ಯವಸ್ಥೆಯೊಂದು ಆರಂಭವಾಯಿತು. ಅದಕ್ಕೆ ರಜಾದಿನಗಳನ್ನು ನೋಡಿ ಮುಂಚಿತವಾಗಿ ಹೆಸರು ಕೊಡಬೇಕು. ನಾವು ಕೊಟ್ಟಿರಲಿಲ್ಲ. ನೀವು ಮರೆಯಬೇಡಿ.

ಎದುರಿನ ಕೆಂಪು ಬಣ್ಣದ ಅಠಾರಾ ಕಚೇರಿ ಈಗ ಉಚ್ಚ ನ್ಯಾಯಾಲಯ. ಅದರ ಹಿಂದಿನದು ೧೮೭೦ರಲ್ಲಿ ಏರ್ಪಟ್ಟ ಕಬ್ಬನ್ ಪಾರ್ಕು. ಅಲ್ಲಿ ಮಕ್ಕಳನ್ನು ಓಡಲು ಬಿಟ್ಟು, ಬಿದಿರಿನ ಮೆಳೆಗಳ ನೆರಳಲ್ಲಿ ಕುಳಿತೆವು. ಮೊದಲ ದಿನಕ್ಕೆ ಅಷ್ಟೇ ಸಾಕು.

ಎರಡನೆಯ ದಿನ ಲಾಲ್‌ಬಾಗ್. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ಕಿನಿಂದ ನಾಲ್ಕನೆಯ ನಿಲ್ದಾಣ. ಆದರೆ ಮೆಜೆಸ್ಟಿಕ್ಕಿನಲ್ಲಿ ನೇರಳೆ ಗಾಡಿ ಬರುವ ಕಟ್ಟೆ ಬೇರೆ, ಹಸಿರಿನದು ಬೇರೆ. ನಡುವೆ ದೂರವೂ ಇದೆ, ಏರಿಳಿತವೂ ಇದೆ. ಮಕ್ಕಳ ಕೈ ಬಿಡಬೇಡಿ. ನಮ್ಮಲ್ಲಿ ಒಂದು ಕಟ್ಟು ಮಾಡಿಕೊಂಡಿದ್ದೆವು: ಯಾರಾದರೂ ಹಿಂದೆ ಉಳಿದರೆ ಅಲ್ಲಿಯೇ ನಿಲ್ಲುವುದು, ಮುಂದೆ ಹೋದವರು ಮುಂದಿನ ನಿಲ್ದಾಣದಲ್ಲಿ ಇಳಿದು ಹಿಂದಿರುಗುವುದು. ಮಗಳಿಗೆ ಒಂದು ಚೀಟಿಯಲ್ಲಿ ನನ್ನ ದೂರವಾಣಿ ಸಂಖ್ಯೆಯನ್ನೂ ಲಾಡ್ಜಿನ ಹೆಸರನ್ನೂ ಬರೆದುಕೊಟ್ಟಿದ್ದೆ. ತಾಯಿಯವರೂ ಒಂದು ಚೀಟಿ ಕೇಳಿ ಪಡೆದುಕೊಂಡರು.

ಹೈದರಾಲಿ ೧೭೬೦ರಲ್ಲಿ ಆರಂಭಿಸಿದ ತೋಟ ಅದು. ೧೮೮೯ರಲ್ಲಿ ತೊಡಗಿ ಕಟ್ಟಿದ ಗಾಜಿನ ಮನೆ ಅದರ ನಡುವೆ. ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನದ ವಾರಗಳಲ್ಲಿ ಹೂವಿಗಿಂತ ತಲೆಗಳೇ ಹೆಚ್ಚು ಕಾಣುತ್ತವೆ. ಮುದುಕರು ಮಕ್ಕಳಿರುವ ಸಂಸಾರ ಆ ವಾರಗಳನ್ನು ಬಿಟ್ಟು ಹೋಗುವುದೇ ಒಳ್ಳೆಯದೆಂದು ನನ್ನ ಮತ. ಗೋಪುರವಿರುವ ಬಂಡೆಯನ್ನು ಮಾತ್ರ ಬಿಡಬೇಡಿ. ಸುಮಾರು ಮುನ್ನೂರು ಕೋಟಿ ವರ್ಷದ ಶಿಲೆ ಅದು. ನಮ್ಮ ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಊರಿನ ಹಳೆಯ ಹೆಸರು ಹಿಡಿದು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷದ ಸುಮಾರು. "ಹಾಗಾದ್ರೆ ನಮ್ಮ ಬೆಟ್ಟ ಇದಕ್ಕೆ ತಮ್ಮ ಅಲ್ವಾ ಅಪ್ಪಾ?" ಎಂದಳು ಮಗಳು.

ಬಿಸಿಲೇರುವ ಮುನ್ನ ಹೊರಬಂದು, ಒಂದು ನಿಲ್ದಾಣ ಹಿಂದಕ್ಕೆ, ನ್ಯಾಷನಲ್ ಕಾಲೇಜಿನ ಹತ್ತಿರ ಇಳಿದೆವು. ಅಲ್ಲಿಂದ ಗಾಂಧಿಬಜಾರಿಗೆ ತಿಂಡಿಗೆ. ೧೯೪೩ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನದ ದೋಸೆಗೆ ಸಾಲು ನಿಲ್ಲಬೇಕಾಗುತ್ತದೆ. ಹಸಿದ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವ ಧೈರ್ಯ ನನಗಿರಲಿಲ್ಲ; ಪಕ್ಕದ ಬೀದಿಯ ಸಣ್ಣ ಹೋಟೆಲಿನ ಇಡ್ಲಿಯೂ ಚೆನ್ನಾಗಿಯೇ ಇತ್ತು. ದೊಡ್ಡ ಬಸವಣ್ಣನ ಗುಡಿ, ಕಹಳೆ ಬಂಡೆ ಅಲ್ಲಿಯೇ ಸಮೀಪ. ಕಾರ್ತೀಕದ ಕೊನೆಯ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ನಮ್ಮ ಮಾಗಡಿ, ರಾಮನಗರ ಸೀಮೆಯ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಸಂಜೆ ಎಂ.ಜಿ. ರಸ್ತೆಯ ಕಡೆ ಹೋದಾಗ ಒಂದು ಪ್ರಸಂಗವಾಯಿತು. ಕರಕುಶಲ ವಸ್ತುಗಳ ಮಳಿಗೆಯೊಂದರ ಮುಂದೆ ಹುಡುಗ ಹಟ ಹಿಡಿದು ನಿಂತ. ಅರಗಿನ ಬಣ್ಣದ ಮರದ ಬುಗುರಿ ಬೇಕಂತೆ. ನಮ್ಮ ಮನೆಯಿಂದ ಎರಡು ಬೀದಿಯಾಚೆ ಆಲೆ ಮರದಲ್ಲಿ ಕಡೆದು ಮಾಡುವ ಬೊಂಬೆ! ಊರಿಗೆ ಹೋದ ಮೇಲೆ ಕೊಡಿಸುತ್ತೇನೆಂದರೆ ಕೇಳಲಿಲ್ಲ. ಚನ್ನಪಟ್ಟಣದ ಬುಗುರಿಯನ್ನು ಬೆಂಗಳೂರಿನ ಬೆಲೆಗೆ ಕೊಂಡು ಚನ್ನಪಟ್ಟಣಕ್ಕೆ ತಂದೆವು. ಪ್ರವಾಸದ ಖರ್ಚಿಗೆ ಇಂಥದಕ್ಕೂ ಒಂದು ಬಾಬು ಇಟ್ಟಿರಬೇಕು.

ಮೂರನೆಯ ದಿನದ ಬೆಳಿಗ್ಗೆಯನ್ನು ಮಕ್ಕಳ ಇಷ್ಟಕ್ಕೆ ಬಿಟ್ಟಿದ್ದೆವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವೋ, ನೆಹರೂ ತಾರಾಲಯವೋ, ಎರಡರಲ್ಲಿ ಒಂದು. ತಾರಾಲಯಕ್ಕೆ ಸೋಮವಾರ ರಜೆ. ನಮ್ಮ ಮೂರನೆಯ ದಿನ ಸೋಮವಾರವೇ ಆಗಿದ್ದರಿಂದ ವಾದವೇ ಹುಟ್ಟಲಿಲ್ಲ. ವಸ್ತುಸಂಗ್ರಹಾಲಯದಲ್ಲಿ ರೈಟ್ ಸಹೋದರರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಇದೆ. ಕೈಯಿಂದ ತಿರುಗಿಸಿ ನೋಡಬಹುದಾದ ಯಂತ್ರಗಳಿವೆ. ಎರಡು ಗಂಟೆ ಸಾಲದು. ಅಲ್ಲಿ ತಾಯಿಯವರು ಒಂದು ಬೆಂಚಿನ ಮೇಲೆ ಕುಳಿತು, ಎದುರಿಗೆ ಹೋಗಿಬರುವ ಜನರನ್ನು ನೋಡುತ್ತಿದ್ದರು. ಎಲ್ಲರೂ ಎಲ್ಲವನ್ನೂ ನೋಡಲೇಬೇಕೆಂಬ ಕಡ್ಡಾಯವಿಲ್ಲ. ಕು‍ಳಿತುಕೊಳ್ಳಲು ನೆರಳಿರುವ ಜಾಗ, ಕುಡಿಯಲು ನೀರು, ಹತ್ತಿರದಲ್ಲಿ ಶೌಚಾಲಯ, ಇಷ್ಟಿದ್ದರೆ ಮುದುಕರು ತಮ್ಮಷ್ಟಕ್ಕೆ ತಾವು ಸಂತೋಷವಾಗಿರುತ್ತಾರೆ.

ಬನ್ನೇರುಘಟ್ಟಕ್ಕೆ ಹೋಗಲಿಲ್ಲವೇ ಎಂದು ಅನೇಕರು ಕೇಳಿದರು. ಮೆಜೆಸ್ಟಿಕ್ಕಿನಿಂದ ಬಸ್ಸಿದೆ, ಆದರೆ ಒಂದಿಡೀ ದಿನದ ಕೆಲಸ. ಅದನ್ನು ಬೇರೆ ಪ್ರವಾಸಕ್ಕೆ ಉಳಿಸಿಕೊಳ್ಳಿ. ಮಂಗಳವಾರ ಅಲ್ಲಿ ರಜೆಯೆಂಬುದು ನೆನಪಿರಲಿ. ಕನಕಪುರದವರಿಗಂತೂ ಆ ಕಾಡು ಅವರ ತಾಲ್ಲೂಕಿನ ಅಂಚಿಗೇ ಬರುತ್ತದೆ. ಪಕ್ಕದ ಮನೆಗೆ ಊರೆಲ್ಲ ಸುತ್ತಿ ಹೋದಂತೆ ಮೆಜೆಸ್ಟಿಕ್ಕಿನ ಮೇಲೆ ಹೋಗುವುದೇಕೆ?

ಸಾಮಾನಿನ ವಿಷಯ ಎರಡೇ ಮಾತು. ತಲೆಗೊಂದು ಚೀಲ, ಅದೂ ಅವರವರೇ ಎತ್ತಿಕೊಂಡು ಮೆಟ್ಟಿಲು ಹತ್ತುವಷ್ಟು. ಕೊನೆಯ ದಿನ ಕೋಣೆ ಬಿಟ್ಟ ಮೇಲೆ ಚೀಲಗಳನ್ನು ಲಾಡ್ಜಿನಲ್ಲಿಯೇ ಇಡಲು ಒಪ್ಪಿಸಿಕೊಳ್ಳಿ. ಇಲ್ಲವಾದರೆ ಬೀಗ ಹಾಕಿ ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿಡಬಹುದು.

ಹಿಂದಿರುಗುವಾಗ ಮಧ್ಯಾಹ್ನ ಎರಡು ಮೂರು ಗಂಟೆಯ ಗಾಡಿಯನ್ನೇ ಹಿಡಿಯಿರಿ. ಇನ್ನೊಂದು ಗಂಟೆ ಇದ್ದು ಹೋಗೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಆ ಒಂದು ಗಂಟೆ ನಿಮ್ಮನ್ನು ನೌಕರರ ರೈಲಿನ ಬಾಗಿಲಲ್ಲಿ ನಿಲ್ಲಿಸುತ್ತದೆ. ನಾವು ಹೋಗುವಾಗ ರೈಲು, ಬರುವಾಗ ಬಸ್ಸು ಎಂದುಕೊಂಡಿದ್ದೆವು. ಹೆಂಗಸರ ಟಿಕೆಟ್ ಉಳಿಯುತ್ತದೆಂಬ ಲೆಕ್ಕ. ತಾಯಿಯವರು ಒಪ್ಪಲಿಲ್ಲ. "ನನ್ನ ಟಿಕೆಟ್ಟು ನಾನೇ ತಗೋತೀನಿ ಕಣಪ್ಪ, ರೈಲಲ್ಲೇ ಹೋಗನ" ಎಂದು ಎಲೆಅಡಿಕೆ ಚೀಲದಿಂದ ದುಡ್ಡು ತೆಗೆದರು. ಬಿಡದಿ ದಾಟುವುದರೊಳಗೆ ಚಿಕ್ಕವನು ಬುಗುರಿ ಹಿಡಿದುಕೊಂಡೇ ಅವರ ತೊಡೆಯ ಮೇಲೆ ಮಲಗಿದ್ದ. ರಾಮನಗರದ ಬೆಟ್ಟಗಳು ಕಾಣಿಸಿದಾಗ ಅವರು ಸೊಸೆಯನ್ನು ಕೇಳಿದರು: "ಮೈಸೂರಿಗೂ ಇದೇ ರೈಲೇನಮ್ಮ?"

ಇದೇ ರೈಲುದಾರಿಯೇ. ಕನಕಪುರ, ಮಾಗಡಿಯವರೂ ಬಸ್ಸಿನಲ್ಲಿ ರಾಮನಗರಕ್ಕೆ ಬಂದು ಅದನ್ನು ಹಿಡಿಯಬಹುದು. ಮೈಸೂರು ಈ ರೀತಿಯ ಪ್ರವಾಸಕ್ಕೆ ಬೆಂಗಳೂರಿಗಿಂತ ಸುಲಭ. ಊರು ಚಿಕ್ಕದು, ನಗರದ ಬಸ್ ನಿಲ್ದಾಣ ಅರಮನೆಯ ಪಕ್ಕದಲ್ಲಿಯೇ ಇದೆ, ಚಾಮುಂಡಿ ಬೆಟ್ಟಕ್ಕೆ ನಗರದ ಬಸ್ಸೇ ಹತ್ತುತ್ತದೆ. ೧೮೯೨ರಲ್ಲಿ ಆರಂಭವಾದ ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪಗಳನ್ನು ಭಾನುವಾರ ಸಂಜೆ ಹೊತ್ತಿಸುತ್ತಾರೆ. ರೇಡಿಯೋ ಕೇಳುವ ಮನೆಯವರಿಗೆ ಅಲ್ಲಿ ಇನ್ನೊಂದು ನಂಟೂ ಉಂಟು. ೧೯೩೫ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ತೊಡಗಿದ ಊರು ಅದು, ಆಕಾಶವಾಣಿ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಭಾನುವಾರ ಬೆಳಿಗ್ಗೆ ಹೊರಟು ಸೋಮವಾರ ಮೃಗಾಲಯ ನೋಡುವುದೆಂದು ನಮ್ಮ ಮನೆಯಲ್ಲಿ ಈಗಲೇ ಗೊತ್ತಾಗಿದೆ. ಲಾಡ್ಜಿಗೆ ಬರೆಯುವ ಮೊದಲು ಲಿಫ್ಟಿನ ವಿಷಯ ಕೇಳುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.